ನಾನು ಬ್ಯಾಂಜೋ ಕಲಿತದ್ದು

“ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?” ಎಂಬ ಗಾದೆಯನ್ನು ಮೊದಲು ನುಡಿದ ಮಹಾನುಭಾವನು ಯಾರೋ ತಿಳಿಯದು. ತೋಟಗಾರಿಕೆಯಲ್ಲಿ ಆತ ನಿಸ್ಸಂದೇಹವಾಗಿ ಪರಿಣತನಾಗಿದ್ದಿರಬೇಕು. ಆದರೆ ಮನುಷ್ಯನ ಬೆರಳುಗಳ ವಿಷಯದಲ್ಲಿಯೂ ಆತನ ಮಾತೇ ಕಡೆಯ ತೀರ್ಪೆಂದು ನಾವೆಲ್ಲರೂ ಒಪ್ಪಿಕೊಂಡುಬಿಟ್ಟಿರುವುದು ವಿಚಾರ ಮಾಡಬೇಕಾದ ಸಂಗತಿ. ನಮ್ಮ ಮನೆಗಳಲ್ಲಿ ಏಳು ವರ್ಷದ ಮಗು ಪಿಟೀಲಿನ ಮೇಲೆ ಕಮಾನು ಎಳೆದು ಕಿರ್ರೆನ್ನಿಸಿದರೆ ನೆಂಟರಿಷ್ಟರು “ಆಹಾ!” ಎಂದು ತಲೆದೂಗುತ್ತಾರೆ. ಅದೇ ಸದ್ದು ಐವತ್ತು ದಾಟಿದ ಗೃಹಸ್ಥನೊಬ್ಬನ ಕೋಣೆಯಿಂದ ಹೊರಟರೆ, “ಯಜಮಾನರ ಆರೋಗ್ಯ ಹೇಗಿದೆ?” ಎಂದು ಗೃಹಿಣಿಯನ್ನು ಮೆಲುದನಿಯಲ್ಲಿ ವಿಚಾರಿಸುತ್ತಾರೆ.

ಇಂಥ ಲೋಕದಲ್ಲಿ, ಐವತ್ತಾರನೆಯ ವಯಸ್ಸಿನಲ್ಲಿ, ನಾನು ಬ್ಯಾಂಜೋ ಕಲಿಯಲು ಕುಳಿತೆ. ಈಗ ನನಗೆ ಅರವತ್ತು ತುಂಬಿದೆ. ಕಲಿತು ಮುಗಿಯಿತೆಂದು ಹೇಳುವ ಧೈರ್ಯ ನನಗಿಲ್ಲ. ಆದರೆ ಈ ನಾಲ್ಕು ವರ್ಷಗಳಲ್ಲಿ ನನ್ನ ಮನೆಯಲ್ಲಿಯೂ, ಸಮುದ್ರಗಳಾಚೆಯ ಇನ್ನೊಂದು ಮನೆಯಲ್ಲಿಯೂ ನಡೆದುದನ್ನು ವಾಚಕರ ಮುಂದಿಡಬೇಕೆನಿಸಿದೆ.

ನಾನು ಮೈಸೂರಿನವನು, ಕೃಷ್ಣಮೂರ್ತಿಪುರದ ಹೆಂಚಿನ ಮನೆಯೊಂದರಲ್ಲಿ ಬೆಳೆದವನು. ಉದ್ಯೋಗನಿಮಿತ್ತ ಅಮೆರಿಕಕ್ಕೆ ಬಂದು, ಉತ್ತರ ಕೆರೊಲಿನ ಸಂಸ್ಥಾನದ ಡರ್ಹಮ್ ಎಂಬ ಊರಿನಲ್ಲಿ ನೆಲೆಸಿ ಇಪ್ಪತ್ತೆಂಟು ವರ್ಷಗಳಾದವು. ನನಗಿಂತ ಎಂಟು ವರ್ಷ ಹಿರಿಯಳಾದ ಅಕ್ಕ ಈಗಲೂ ಆ ಹೆಂಚಿನ ಮನೆಯಲ್ಲಿಯೇ ಇದ್ದಾಳೆ. ನಮ್ಮ ಬಾಲ್ಯದಲ್ಲಿ ಮಂಗಳವಾರ, ಶುಕ್ರವಾರಗಳಂದು ಅವಳಿಗೆ ಪಾಠ ಹೇಳಲು ವೀಣೆಯ ಮೇಷ್ಟ್ರು ಮನೆಗೆ ಬರುತ್ತಿದ್ದರು. ಚಾಪೆ ಹಾಸುವುದು, ಕುಡಿಯುವ ನೀರು ತಂದಿಡುವುದು, ಪಾಠ ಮುಗಿದ ಮೇಲೆ ಮೇಷ್ಟ್ರ ಸೈಕಲ್ಲನ್ನು ಜಗಲಿಯಿಂದ ಕೆಳಗಿಳಿಸಿಕೊಡುವುದು, ಇವಿಷ್ಟು ನನ್ನ ಪಾಲಿನ ಸಂಗೀತಸೇವೆ. ಒಮ್ಮೆ ಅವರು ನನ್ನಿಂದಲೂ ‘ಸರಿಗಮ’ ಹಾಡಿಸಿ ನೋಡಿದರು. ಕೇಳಿದ ಮೇಲೆ ಎಲೆಯಡಿಕೆ ಮೆಲ್ಲುತ್ತ, “ಹುಡುಗನಿಗೆ ಲೆಕ್ಕ ಚೆನ್ನಾಗಿ ಬರುತ್ತದಂತಲ್ಲ!” ಎಂದು ನಮ್ಮ ತಂದೆಯವರಿಗೆ ಹೇಳಿದರು. ತಂದೆಯವರಿಗೆ ಅರ್ಥವಾಯಿತು, ನನಗೂ ಅರ್ಥವಾಯಿತು.

ಆನಂತರ ಪಾಠದ ಹೊತ್ತಿನಲ್ಲಿ ನಾನು ಪಕ್ಕದ ಕೋಣೆಯಲ್ಲಿ ಲೆಕ್ಕ ಮಾಡುತ್ತ ಕೂರುತ್ತಿದ್ದೆ. ಗೋಡೆಯಾಚೆಯಿಂದ ನನ್ನ ಕಿವಿಗೆ ಎಲ್ಲಕ್ಕಿಂತ ಸ್ಪಷ್ಟವಾಗಿ ಬೀಳುತ್ತಿದ್ದುದು ತಾಳದ ತಂತಿಗಳ ನಾದ. ವೀಣೆಯಲ್ಲಿ ರಾಗ ನುಡಿಸುವ ನಾಲ್ಕು ತಂತಿಗಳಲ್ಲದೆ ಪಕ್ಕದಲ್ಲಿ ಬೇರೆ ಮೂರು ತಂತಿಗಳಿರುತ್ತವೆ. ಷಡ್ಜ, ಪಂಚಮ, ತಾರಷಡ್ಜಗಳಿಗೆ ಶ್ರುತಿ ಮಾಡಿದ ಇವನ್ನು ಬಲಗೈಯ ಕಿರುಬೆರಳು ತಾಳಕ್ಕೆ ಸರಿಯಾಗಿ ಮೀಟುತ್ತಿರುತ್ತದೆ. ರಾಗವು ಎತ್ತೆತ್ತ ಸಂಚರಿಸಿದರೂ ಆ ನಾದ ಮಾತ್ರ ದೇವರ ಮನೆಯ ದೀಪದಂತೆ ಇದ್ದಲ್ಲಿಯೇ ಇರುತ್ತದೆ. ನನ್ನ ಸಂಗೀತಜ್ಞಾನವೆಲ್ಲ ಆ ಮೂರು ತಂತಿಗಳಷ್ಟೇ ಎಂದರೂ ಸಲ್ಲುತ್ತದೆ.

ಅಕ್ಕ ಸಭೆಗಳಲ್ಲಿ ನುಡಿಸಿದವಳಲ್ಲ. ಶಾಲೆಯ ಕೆಲಸ, ಸಂಸಾರ, ಅತ್ತೆಮಾವಂದಿರ ಸೇವೆ ಇವುಗಳ ನಡುವೆ ಸಂಜೆ ದೀಪ ಹಚ್ಚಿದ ಮೇಲೆ ಅರ್ಧ ಗಂಟೆ ವೀಣೆಯ ಮುಂದೆ ಕೂರುವುದನ್ನು ಐವತ್ತು ವರ್ಷ ತಪ್ಪದೆ ನಡೆಸಿಕೊಂಡು ಬಂದಳು. 2021ರ ಜೂನ್ ತಿಂಗಳ ಒಂದು ಭಾನುವಾರ ದೂರವಾಣಿಯಲ್ಲಿ ಮಾತನಾಡುತ್ತಿದ್ದಾಗ, ಅಡಿಗೆಯ ವಿಷಯ ಹೇಳುವಷ್ಟೇ ಸಹಜವಾಗಿ, “ವೀಣೆಗೆ ಗವಸು ಹಾಕಿ ಒಳಗಿಟ್ಟುಬಿಟ್ಟೆ ಕಣೋ. ಇನ್ನು ಆಗುವುದಿಲ್ಲ” ಎಂದಳು. ಸಂಧಿವಾತ ಅವಳ ಬೆರಳಿನ ಗೆಣ್ಣುಗಳನ್ನು ಹಿಡಿದುಕೊಂಡು ಆಗಲೇ ಕೆಲವು ವರ್ಷಗಳಾಗಿದ್ದವು. ವೀಣೆಯಲ್ಲಿ ಗಮಕವೆಂದರೆ ಎಡಗೈಯ ಎರಡು ಬೆರಳುಗಳು ಉಕ್ಕಿನ ತಂತಿಯನ್ನು ಮೆಟ್ಟಿನ ಮೇಲೆ ಒತ್ತಿ ಪಕ್ಕಕ್ಕೆಳೆಯಬೇಕು. ಊದಿಕೊಂಡ ಗೆಣ್ಣಿಗೆ ಅದಕ್ಕಿಂತ ಕ್ರೂರವಾದ ಶಿಕ್ಷೆ ಇನ್ನೊಂದಿಲ್ಲ. ನಾನು ಏನೋ ಸಮಾಧಾನದ ಮಾತನಾಡಲು ಹೊರಟೆ. ಅವಳು ಮಾತು ಬದಲಿಸಿ ಮಾವಿನಹಣ್ಣಿನ ಬೆಲೆ ಹೇಳಿದಳು.

ಆ ವಾರವೆಲ್ಲ ನನಗೆ ಮನಸ್ಸಿನಲ್ಲಿ ನೆಮ್ಮದಿಯಿರಲಿಲ್ಲ. ಆ ಮನೆಯಲ್ಲಿ ಸಂಜೆಯ ಹೊತ್ತು ಹೇಗಿರಬಹುದೆಂದು ಎಷ್ಟು ಊಹಿಸಿದರೂ ಸಾಧ್ಯವಾಗಲಿಲ್ಲ. ಮುಂದಿನ ಶನಿವಾರ ತರಕಾರಿಗೆಂದು ಡರ್ಹಮಿನ ರೈತರ ಸಂತೆಗೆ ಹೋದಾಗ, ಜೇನುತುಪ್ಪ ಮಾರುವವನ ಪಕ್ಕದಲ್ಲಿ ಕುಳಿತು ಹಿರಿಯರೊಬ್ಬರು ಬ್ಯಾಂಜೋ ಬಾರಿಸುತ್ತಿದ್ದರು. ಆ ದೇಶದಲ್ಲಿ ಅಷ್ಟು ವರ್ಷ ಇದ್ದು ಆ ವಾದ್ಯವನ್ನು ನೂರು ಸಲ ಕೇಳಿದ್ದೆ. ಅಂದು ಮಾತ್ರ ನನ್ನ ಕಾಲು ಅಲ್ಲಿಯೇ ನಿಂತಿತು. ಹಾಡು ಮೇಲೆ ಕೆಳಗೆ ಓಡಾಡುತ್ತಿರುವಾಗ ಹೆಬ್ಬೆರಳು ಒಂದು ತಂತಿಯನ್ನು ಬಿಡದೆ ಮೀಟುತ್ತಿತ್ತು. ಆ ತಂತಿ ತಾರಷಡ್ಜವೊಂದನ್ನೇ ನುಡಿಯುತ್ತಿತ್ತು. ಗೋಡೆಯಾಚೆಯಿಂದ ಕೇಳುತ್ತಿದ್ದ ತಾಳದ ತಂತಿ!

ಬ್ಯಾಂಜೋವನ್ನು ನೋಡದ ವಾಚಕರಿಗಾಗಿ ಎರಡು ಮಾತು. ಮರದ ಬಳೆಯೊಂದಕ್ಕೆ ಖಂಜಿರದ ಹಾಗೆ ಚರ್ಮ ಬಿಗಿದು, ಅದಕ್ಕೊಂದು ಉದ್ದನೆಯ ಕುತ್ತಿಗೆ ಜೋಡಿಸಿದರೆ ಬ್ಯಾಂಜೋ ಆಯಿತು. ಹಿಂದೆ ಕರುವಿನ ಚರ್ಮವಿರುತ್ತಿತ್ತು. ಈಗ ಬಹುಮಟ್ಟಿಗೆ ಪ್ಲಾಸ್ಟಿಕ್ಕಿನ ಹಾಳೆ. ತಂತಿಗಳು ಐದು. ನಾಲ್ಕು ತಂತಿಗಳು ಕುತ್ತಿಗೆಯ ತುದಿಯವರೆಗೆ ಹೋಗುತ್ತವೆ. ಐದನೆಯದು ಗಿಡ್ಡ, ಅದರ ಬಿರಡೆ ಐದನೆಯ ಮೆಟ್ಟಿನ ಹತ್ತಿರ, ಕುತ್ತಿಗೆಯ ಪಕ್ಕದಲ್ಲಿಯೇ ಇರುತ್ತದೆ. ನುಡಿಸುವವನ ಮುಖಕ್ಕೆ ಅತ್ಯಂತ ಸಮೀಪದಲ್ಲಿರುವುದೂ ಅದೇ, ಎಲ್ಲಕ್ಕಿಂತ ಎತ್ತರದ ಸ್ವರವುಳ್ಳದ್ದೂ ಅದೇ. ಸಾಮಾನ್ಯವಾದ ಶ್ರುತಿಯಲ್ಲಿ ಉಳಿದ ನಾಲ್ಕು ತಂತಿಗಳು ಮಂದ್ರದ ಪಂಚಮ, ಷಡ್ಜ, ಅಂತರ ಗಾಂಧಾರ, ಪಂಚಮ. ಗಿಡ್ಡ ತಂತಿ ತಾರಷಡ್ಜ. ಎಡಗೈ ಮುಟ್ಟದೆಯೇ ಬಲಗೈ ಸವರಿದರೂ ಸಾಕು, ಕಿವಿಗೆ ಹಿತವಾದ ನಾದ ಹೊರಡುತ್ತದೆ. ನನ್ನಂಥವನಿಗೆ ಇದಕ್ಕಿಂತ ದಯಾಳುವಾದ ವಾದ್ಯ ಇನ್ನಾವುದು?

ವಾರದೊಳಗಾಗಿ ಒಂದು ಬ್ಯಾಂಜೋವನ್ನು ತಿಂಗಳ ಬಾಡಿಗೆಗೆ ಮನೆಗೆ ತಂದೆ. ನನ್ನ ಶ್ರೀಮತಿ ಅದನ್ನು ಅತ್ತಿತ್ತ ತಿರುಗಿಸಿ ನೋಡಿ, “ಸಂಗೀತವೇ ಬೇಕೆಂದಿದ್ದರೆ ವೀಣೆಯನ್ನೇ ಕಲಿಯಬಹುದಿತ್ತಲ್ಲ?” ಎಂದಳು. ನ್ಯಾಯವಾದ ಪ್ರಶ್ನೆ. ಆದರೆ ನಮ್ಮ ಮನೆಯಲ್ಲಿ ವೀಣೆ ಎಂದರೆ ಅಕ್ಕ. ಅವಳು ಕೆಳಗಿಟ್ಟ ವಾರದಲ್ಲಿಯೇ ನಾನು ಅದನ್ನು ಎತ್ತಿಕೊಳ್ಳುವುದು ಹಿರಿಯರು ಎದ್ದ ಮಣೆಯ ಮೇಲೆ ಕೂಡಲೇ ಹೋಗಿ ಕುಳಿತ ಹಾಗೆ ನನಗೆ ಕಂಡಿತು. ಇದನ್ನು ಬಾಯಿಬಿಟ್ಟು ಹೇಳಲಿಲ್ಲ. ಅವಳು ಮತ್ತೆ ಕೇಳಲೂ ಇಲ್ಲ.

ಅಕ್ಕನಿಗೆ ಸುದ್ದಿ ತಿಳಿಸಿದಾಗ, “ಬ್ಯಾಂಜೋವೇ? ನಮ್ಮ ತಾತನ ಹತ್ತಿರ ಇತ್ತಲ್ಲ, ಟೈಪ್‌ರೈಟರಿನ ಹಾಗೆ ಗುಂಡಿಗಳಿದ್ದದ್ದು, ಅದೇ ತಾನೇ?” ಎಂದಳು. ಅದು ಬುಲ್‌ಬುಲ್ ತರಂಗ್. ಜಪಾನಿನ ನಗೋಯಾದಲ್ಲಿ 1912ರಲ್ಲಿ ಹುಟ್ಟಿದ ತೈಶೋಗೊತೋ ಎಂಬ ವಾದ್ಯ ನಮ್ಮ ದೇಶಕ್ಕೆ ಬಂದು ಆ ಹೆಸರು ಪಡೆಯಿತು. ಮುಂಬಯಿಯ ಗಣೇಶೋತ್ಸವದ ಮೆರವಣಿಗೆಗಳಲ್ಲಿ ಅದನ್ನೇ ಬ್ಯಾಂಜೋ ಎನ್ನುತ್ತಾರೆ. ಹೆಸರು ಒಂದೇ ಆದರೂ ಎರಡಕ್ಕೂ ನಂಟಸ್ತಿಕೆಯಿಲ್ಲ ಎಂದು ವಿವರಿಸಿದೆ. “ಯಾವುದಾದರೂ ಇರಲಿ, ಶ್ರುತಿ ಸೇರಿಸುವುದನ್ನು ಮೊದಲು ಕಲಿ” ಎಂಬ ಆಶೀರ್ವಾದ ದೊರೆಯಿತು.

ಗುರುಗಳೂ ದೊರೆತರು. ಸಂತೆಯಲ್ಲಿ ನುಡಿಸುತ್ತಿದ್ದ ಆ ಹಿರಿಯರೇ. ಎಪ್ಪತ್ತು ದಾಟಿದ ಕರಿಯ ಜನಾಂಗದವರು. ಅಂಚೆಯ ಇಲಾಖೆಯಲ್ಲಿ ದುಡಿದು ನಿವೃತ್ತರಾದವರು. ನನ್ನ ವಯಸ್ಸನ್ನು ಹೇಳಿ ಸಂಕೋಚಪಟ್ಟಾಗ ನಕ್ಕು, “ನಾನೂ ಐವತ್ತು ದಾಟಿದ ಮೇಲೆಯೇ ಕಲಿತವನು” ಎಂದರು. ಅವರ ತಾತ ಹಳ್ಳಿಯಲ್ಲಿ ಬ್ಯಾಂಜೋ ನುಡಿಸುತ್ತಿದ್ದರಂತೆ. ಆದರೆ ತಂದೆ ಅದನ್ನು ಮನೆಯ ಹೊಸ್ತಿಲೊಳಗೆ ತರಗೊಡಲಿಲ್ಲವಂತೆ. ಏಕೆಂದು ತಿಳಿಯಬೇಕಾದರೆ ವಾದ್ಯದ ಚರಿತ್ರೆಯನ್ನು ಸ್ವಲ್ಪ ತಿಳಿಯಬೇಕು.

ಬ್ಯಾಂಜೋವಿನ ತವರು ಅಮೆರಿಕವಲ್ಲ, ಆಫ್ರಿಕ. ಪಶ್ಚಿಮ ಆಫ್ರಿಕದ ಸೆನೆಗಲ್, ಗ್ಯಾಂಬಿಯ ಪ್ರಾಂತದ ಜೋಲಾ ಜನರು ಇಂದಿಗೂ ನುಡಿಸುವ ಅಕೊಂಟಿಂಗ್ ಎಂಬ ವಾದ್ಯಕ್ಕೆ ಸೋರೆಯ ಬುರುಡೆ, ಅದಕ್ಕೆ ಬಿಗಿದ ಚರ್ಮ, ಮೂರು ತಂತಿ; ಅವುಗಳಲ್ಲಿ ಒಂದು ಗಿಡ್ಡ, ಅದನ್ನು ಮೀಟುವುದು ಹೆಬ್ಬೆರಳು. ಹಡಗುಗಳ ತಳದಲ್ಲಿ ಸರಪಳಿ ಹಾಕಿಸಿಕೊಂಡು ಬಂದ ಜನರಿಗೆ ವಾದ್ಯವನ್ನು ಜೊತೆಗೆ ತರುವ ಅನುಕೂಲವೆಲ್ಲಿಯದು? ಅವರು ತಂದದ್ದು ನೆನಪನ್ನು. ಹೊಸ ನೆಲದ ಸೋರೆಯಿಂದ ಹಳೆಯ ವಾದ್ಯವನ್ನು ಮತ್ತೆ ಮಾಡಿಕೊಂಡರು. 1680ರ ದಶಕದ ಕೊನೆಯಲ್ಲಿ ಜಮೈಕದಲ್ಲಿದ್ದ ವೈದ್ಯ ಹ್ಯಾನ್ಸ್ ಸ್ಲೋನ್ 1707ರಲ್ಲಿ ಅಚ್ಚು ಹಾಕಿಸಿದ ಗ್ರಂಥದಲ್ಲಿ ಇಂಥ ವಾದ್ಯಗಳ ಚಿತ್ರವಿದೆ. ದಕ್ಷಿಣ ಕೆರೊಲಿನದಲ್ಲಿ ಗುಲಾಮರು ದಂಗೆಯೆದ್ದ ಮೇಲೆ 1740ರಲ್ಲಿ ಅಲ್ಲಿನ ಒಡೆಯರು ಕಾನೂನು ಮಾಡಿ, ಗುಲಾಮರು ನಗಾರಿ, ಕಹಳೆಗಳನ್ನು ಇಟ್ಟುಕೊಳ್ಳುವುದನ್ನು ನಿಷೇಧಿಸಿದರು. ಸ್ವತಃ ನೂರಾರು ಗುಲಾಮರ ಒಡೆಯರಾಗಿದ್ದ ಥಾಮಸ್ ಜೆಫರ್‌ಸನ್ನರು 1780ರ ದಶಕದಲ್ಲಿ ಪ್ರಕಟವಾದ ತಮ್ಮ ವರ್ಜೀನಿಯದ ಗ್ರಂಥದಲ್ಲಿ, ಕರಿಯರ ವಾದ್ಯವೆಂದರೆ ಅವರು ಆಫ್ರಿಕದಿಂದ ತಂದ ಬ್ಯಾಂಜೋ ಎಂದು ಬರೆದಿದ್ದಾರೆ.

ಮುಂದಿನ ಶತಮಾನದಲ್ಲಿ ಕತೆ ತಿರುವುಮುರುವಾಯಿತು. 1843ರಲ್ಲಿ ನ್ಯೂಯಾರ್ಕಿನಲ್ಲಿ ನಾಲ್ವರು ಬಿಳಿಯರ ತಂಡವೊಂದು ಮುಖಕ್ಕೆ ಮಸಿ ಬಳಿದುಕೊಂಡು, ಕರಿಯರನ್ನು ಅಣಕಿಸುತ್ತ, ಬ್ಯಾಂಜೋ ಬಾರಿಸಿ ಜನರನ್ನು ನಗಿಸಿತು. ಆ ಬಗೆಯ ಆಟಗಳು ದೇಶವನ್ನೆಲ್ಲ ವ್ಯಾಪಿಸಿದವು. ಯಾರ ಕಣ್ಣೀರಿಗೆ ಜೊತೆಯಾಗಿದ್ದ ವಾದ್ಯವೋ ಅದೇ ಅವರನ್ನು ಹಾಸ್ಯಮಾಡುವ ಸಾಧನವಾಯಿತು. ನಮ್ಮ ಗುರುಗಳ ತಂದೆ ಅದನ್ನು ಹೊಸ್ತಿಲ ಹೊರಗೇ ನಿಲ್ಲಿಸಿದ್ದು ಈ ನೋವಿನಿಂದ. ಕಾಲಕ್ರಮದಲ್ಲಿ ಬ್ಯಾಂಜೋ ಎಂದರೆ ಬೆಟ್ಟದ ಸೀಮೆಯ ಬಿಳಿಯರ ವಾದ್ಯವೆಂದೇ ಜನ ತಿಳಿದರು. ಉತ್ತರ ಕೆರೊಲಿನದವರೇ ಆದ ಅರ್ಲ್ ಸ್ಕ್ರಗ್ಸ್ ಮೂರು ಬೆರಳಿನ ಮಿಂಚಿನ ವಾದನದಿಂದ 1945ರ ನಂತರ ಅದಕ್ಕೆ ಹೊಸ ಕೀರ್ತಿ ತಂದರು. ಆದರೆ ಮೂಲ ಯಾರದೆಂಬುದು ಮರೆವಿಗೆ ಸರಿಯಿತು. 2005ರಲ್ಲಿ ಇದೇ ಸಂಸ್ಥಾನದ ಬೂನ್ ಪಟ್ಟಣದಲ್ಲಿ ಕರಿಯರ ಬ್ಯಾಂಜೋ ಪರಂಪರೆಯ ಸಮ್ಮೇಳನವೊಂದು ಸೇರಿತು. ಅಲ್ಲಿ ಕಲೆತ ತರುಣರು ಮೆಬೇನ್ ಊರಿನ ವೃದ್ಧ ಪಿಟೀಲುವಾದಕ ಜೋ ಥಾಮ್‌ಸನ್ನರ ಬಳಿ ಕುಳಿತು ಕಲಿತು, ಕೆರೊಲಿನ ಚಾಕೊಲೇಟ್ ಡ್ರಾಪ್ಸ್ ಎಂಬ ತಂಡ ಕಟ್ಟಿದರು. 2011ರಲ್ಲಿ ಗ್ರ್ಯಾಮಿ ಪ್ರಶಸ್ತಿಯನ್ನೂ ಪಡೆದರು. ಅದೇ ಗಾಳಿಯಲ್ಲಿ ನಮ್ಮ ಗುರುಗಳು ತಾತನ ವಾದ್ಯವನ್ನು ಮತ್ತೆ ಕೈಗೆತ್ತಿಕೊಂಡರು. “ನಮ್ಮ ತಂದೆ ಬದುಕಿದ್ದರೆ ಬೇಡವೆನ್ನುತ್ತಿದ್ದರೇನೋ. ಆದರೂ ಬಾಗಿಲ ಬಳಿ ನಿಂತು ಕೇಳುತ್ತಿದ್ದರು” ಎಂದು ಒಮ್ಮೆ ಹೇಳಿದರು. ಪಕ್ಕದ ಕೋಣೆಯಲ್ಲಿ ಕುಳಿತು ಕೇಳುವುದೇನೆಂಬುದನ್ನು ನನಗೆ ಯಾರೂ ವಿವರಿಸಬೇಕಾಗಿರಲಿಲ್ಲ.

ಈಗ ಪಾಠದ ವಿಷಯ. ಗುರುಗಳು ಕಲಿಸಿದ್ದು ಹಳೆಯ ಕ್ರಮ. ಅದಕ್ಕೆ ಕ್ಲಾಹ್ಯಾಮರ್ ಎಂದು ಹೆಸರು. ಬಲಗೈಯನ್ನು ಹಕ್ಕಿಯ ಪಂಜದಂತೆ ಬಾಗಿಸಿ, ತೋರುಬೆರಳಿನ ಉಗುರಿನ ಹಿಂಭಾಗದಿಂದ ತಂತಿಯನ್ನು ಕೆಳಮುಖವಾಗಿ ಹೊಡೆಯಬೇಕು. ಮೊದಲ ಪೆಟ್ಟು ಹಾಡಿನ ಸ್ವರಕ್ಕೆ. ಎರಡನೆಯದು ಕೆಳಗಿನ ತಂತಿಗಳನ್ನು ಸವರುವುದಕ್ಕೆ. ಕೂಡಲೇ ಹೆಬ್ಬೆರಳು ಗಿಡ್ಡ ತಂತಿಯಿಂದ ಮೇಲೇಳಬೇಕು. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ “ತಾ–ತಕ, ತಾ–ತಕ.” ಕೇಳಲು ಇಷ್ಟೇ. ಮೊದಲ ಒಂದು ತಿಂಗಳು ಎಡಗೈಗೆ ಕೆಲಸವೇ ಇಲ್ಲ. ತಂತಿಗಳ ಮೇಲೆ ಅದನ್ನು ಸುಮ್ಮನೆ ಒರಗಿಸಿ ನಾದವಡಗಿಸಿ, ಬಲಗೈ ಮಾತ್ರ “ತಾ–ತಕ” ಹೊಡೆಯಬೇಕೆಂದು ಗುರುಗಳ ಅಪ್ಪಣೆ. ನಿಮಿಷಕ್ಕೆ ಅರವತ್ತು ಪೆಟ್ಟಿನ ತಾಳಯಂತ್ರವನ್ನು ಮುಂದಿಟ್ಟುಕೊಂಡು ದಿನಕ್ಕೆ ಇಪ್ಪತ್ತು ನಿಮಿಷ ಹೊಡೆದೆ. ತಗಡಿನ ಮಾಡಿನ ಮೇಲೆ ಆಲಿಕಲ್ಲು ಬಿದ್ದಂತಾಗುತ್ತಿತ್ತೆಂದು ಶ್ರೀಮತಿಯ ಸಾಕ್ಷ್ಯ. ಮೂರನೆಯ ದಿನ ಅವಳೇ ನನ್ನ ಹಳೆಯ ಪಂಚೆಯೊಂದನ್ನು ಹರಿದು, ಬ್ಯಾಂಜೋವಿನ ಹಿಂಬದಿಯಿಂದ ಒಳಕ್ಕೆ ತುರುಕಿ ಸದ್ದನ್ನು ತಗ್ಗಿಸಿದಳು. ಆ ವಾದ್ಯ ನುಡಿಸುವವರು ಅಲ್ಲಿ ಹೀಗೆಯೇ ಬಟ್ಟೆ ತುರುಕುವುದುಂಟೆಂದು ಆಮೇಲೆ ತಿಳಿಯಿತು.

ಮೊದಲ ಹಾಡು ಎಲೆಕೋಸು ಬೇಯಿಸುವುದನ್ನು ಕುರಿತದ್ದು. ಸಾಂಬಾರಿಗೆ ತರಕಾರಿ ಹೆಚ್ಚುತ್ತಿದ್ದ ಶ್ರೀಮತಿ ಅರ್ಥ ಕೇಳಿ, “ಹಾಡುವುದರ ಬದಲು ಹೆಚ್ಚಿಕೊಡಬಾರದೇ?” ಎಂದಳು. ಎಡಗೈಯ ಬೆರಳತುದಿಗಳು ಮೊದಲು ಉರಿದವು, ಆಮೇಲೆ ಸುಲಿದವು, ಆರು ವಾರಗಳಲ್ಲಿ ಜಡ್ಡುಗಟ್ಟಿದವು. ಅದು ಸುಲಭದ ಭಾಗ. ಕಷ್ಟವಾದದ್ದು ಹೆಬ್ಬೆರಳು. ಎಡಗೈ ಸ್ವರ ಹಿಡಿಯಲು ಆರಂಭಿಸಿದೊಡನೆ ಬಲಗೈಯ ಹೆಬ್ಬೆರಳು ತನ್ನ ಕರ್ತವ್ಯವನ್ನು ಮರೆಯುತ್ತಿತ್ತು. ಏಳನೆಯ ತಿಂಗಳಲ್ಲಿಯೂ ಅದೇ ಸ್ಥಿತಿ. ವಯಸ್ಸಾದ ಮೇಲೆ ಕಲಿಯುವವನ ತೊಂದರೆ ಬೆರಳಿನಲ್ಲಿ ಮಾತ್ರ ಇರುವುದಿಲ್ಲ. ಒಳ್ಳೆಯ ಸಂಗೀತ ಹೇಗಿರುತ್ತದೆಂದು ಅವನ ಕಿವಿಗೆ ಐವತ್ತು ವರ್ಷಗಳಿಂದ ಗೊತ್ತು. ಕೈಗೆ ಇನ್ನೂ ಒಂದು ವರ್ಷವಾಗಿಲ್ಲ. ಮಗು ತನ್ನ ತಪ್ಪುಗಳನ್ನು ಕೇಳಿಸಿಕೊಳ್ಳುವುದಿಲ್ಲ. ದೊಡ್ಡವನು ಪ್ರತಿಯೊಂದನ್ನೂ ಕೇಳುತ್ತಾನೆ.

ಬಾಡಿಗೆಯ ವಾದ್ಯವನ್ನು ಹಿಂದಿರುಗಿಸಿಬಿಡಲೇ ಎಂಬ ಯೋಚನೆ ಬಂದ ಆ ವಾರ ಅಕ್ಕನಿಗೆ ಹೇಳಿಕೊಂಡೆ. “ಹೆಬ್ಬೆರಳು ಬರುತ್ತಿಲ್ಲವೇ? ನನಗೆ ತಾಳದ ತಂತಿಗೆ ಕಿರುಬೆರಳು ಬರಲು ಎರಡು ವರ್ಷ ಹಿಡಿಯಿತು. ರಾತ್ರಿ ಅತ್ತಿದ್ದೇನೆ, ಗೊತ್ತೇ ನಿನಗೆ?” ಎಂದಳು. ನನಗೆ ಗೊತ್ತಿರಲಿಲ್ಲ. ಗೋಡೆಯಾಚೆಯಿಂದ ನನಗೆ ದೀಪದಂತೆ ಸ್ಥಿರವಾಗಿ ಕೇಳಿಸಿದ ನಾದದ ಹಿಂದೆ ಹದಿನಾಲ್ಕು ವರ್ಷದ ಹುಡುಗಿಯೊಬ್ಬಳು ಅತ್ತಿದ್ದಳೆಂಬುದು ಅಷ್ಟು ವರ್ಷಗಳ ಮೇಲೆ ತಿಳಿಯಿತು. ಮಾರನೆಯ ದಿನ ಮತ್ತೆ ಕುಳಿತೆ. ಹೆಬ್ಬೆರಳು ಯಾವ ದಿನ ಬಂದಿತೆಂದು ಹೇಳಲಾರೆ; ಒಂದು ದಿನ ನೋಡಿದರೆ ಬಂದಿತ್ತು.

ಅಲ್ಲಿಂದ ಮುಂದೆ ಭಾನುವಾರದ ಕರೆಗಳು ಪಾಠಗಳಾದವು. ಪರದೆಯ ಮೇಲೆ ಮುಖ ನೋಡುತ್ತ ಜೊತೆಯಲ್ಲಿ ತಾಳ ಹಾಕಲು ಯತ್ನಿಸಿದೆವು. ಅವಳ ಚಪ್ಪಾಳೆ ಮೈಸೂರಿನಿಂದ ಹೊರಟು ನನ್ನನ್ನು ತಲುಪುವಷ್ಟರಲ್ಲಿ ನಾನು ಮುಂದಕ್ಕೆ ಹೋಗಿರುತ್ತಿದ್ದೆ. ಆದ್ದರಿಂದ ನಾನು ನುಡಿಸುವುದು, ಅವಳು ಕೇಳಿ ತಿದ್ದುವುದು ಎಂದಾಯಿತು. “ನಿನ್ನ ಪಂಚಮ ಇಳಿದಿದೆ ನೋಡು” ಎಂಬುದು ಪ್ರತಿವಾರದ ಮೊದಲ ಮಾತು. ಒಂದು ಭಾನುವಾರ ‘ಅಮೇಜಿಂಗ್ ಗ್ರೇಸ್’ ಎಂಬ ಪ್ರಸಿದ್ಧ ಪ್ರಾರ್ಥನಾಗೀತೆಯ ವರಸೆಯನ್ನು ನುಡಿಸಿದೆ. ಅದಕ್ಕೆ ಮೂರು ಎಣಿಕೆಯ ನಡೆ. “ತಾ–ತಕ–ತಕ” ಎಂದು ಹೊಡೆಯಬೇಕು. ಅರ್ಧ ಕೇಳಿದ ಅಕ್ಕ, “ಇದು ನಮ್ಮ ಮೋಹನ ಕಣೋ!” ಎಂದು ಕೂಗಿದಳು. ಎಣಿಸಿ ನೋಡಿದರೆ ನಿಜ: ಸ, ರಿ, ಗ, ಪ, ದ, ಈ ಐದೇ ಸ್ವರಗಳು. ಆ ಬೆಟ್ಟದ ಸೀಮೆಯ ಎಷ್ಟೋ ಹಳೆಯ ಹಾಡುಗಳಿಗೆ ಇದೇ ಐದು ಸ್ವರಗಳು ಸಾಕು. ಆ ಗೀತೆಯ ನುಡಿಗಳನ್ನು ಬರೆದ ಜಾನ್ ನ್ಯೂಟನ್ ಮೊದಲು ಗುಲಾಮರನ್ನು ಸಾಗಿಸುವ ಹಡಗಿನ ನಾಯಕನಾಗಿದ್ದು ಆಮೇಲೆ ಪಾದ್ರಿಯಾದವನು. ಗೀತೆ ಅಚ್ಚಾದದ್ದು 1779ರಲ್ಲಿ. ಹಡಗಿನ ತಳದಲ್ಲಿದ್ದವರ ವಾದ್ಯದ ಮೇಲೆ ಹಡಗಿನ ನಾಯಕನ ಹಾಡು. ಅದನ್ನು ಮೋಹನವೆಂದು ಗುರುತಿಸುವವಳು ಮೈಸೂರಿನ ನಿವೃತ್ತ ಉಪಾಧ್ಯಾಯಿನಿ. ಗುರುಗಳಿಗೆ ಇದನ್ನು ಹೇಳಿದಾಗ ಬಹಳ ಹೊತ್ತು ಏನೂ ಮಾತನಾಡಲಿಲ್ಲ. ಆಮೇಲೆ, “ನಿಮ್ಮ ಅಕ್ಕನಿಗೆ ನನ್ನ ನಮಸ್ಕಾರ ತಿಳಿಸಿ” ಎಂದರು.

ಹದಿನೈದು ದಿನಕ್ಕೊಮ್ಮೆ ಊರಿನ ಸಮುದಾಯ ಭವನದಲ್ಲಿ ವಾದಕರು ವರ್ತುಲವಾಗಿ ಕುಳಿತು ಒಟ್ಟಿಗೆ ನುಡಿಸುತ್ತಾರೆ. ಬಲ್ಲವರು ಒಳಸುತ್ತಿನಲ್ಲಿ, ನನ್ನಂಥವರು ಹೊರಸುತ್ತಿನಲ್ಲಿ. ಹಾಡಿಗೆ ಎರಡು ಭಾಗ, ಒಂದೊಂದನ್ನೂ ಎರಡೆರಡು ಸಲ. ಹೀಗೆ ಹತ್ತು ಹದಿನೈದು ಆವೃತ್ತಿ. ನಿಲ್ಲಿಸುವ ಹೊತ್ತಾದಾಗ ಮುಂದಾಳು ಒಂದು ಕಾಲನ್ನು ಮೇಲೆತ್ತುತ್ತಾನೆ. ಅದೇ ಮಂಗಳದ ಸೂಚನೆ. ಸಭೆಯಲ್ಲಿ ಕಾಲೆತ್ತುವುದನ್ನು ಕಂಡು ನನಗೆ ಮೊದಲ ಸಲ ಎದೆ ಝಲ್ಲೆಂದಿತು. ಆದರೆ ಹೊರಸುತ್ತಿನ ಸುಖವೇ ಬೇರೆ. ತಪ್ಪಿದರೆ ಯಾರಿಗೂ ಕೇಳಿಸದು, ಸರಿಯಾದಾಗ ಎಲ್ಲರ ನಾದವೂ ನಮ್ಮದೇ ಆಗುತ್ತದೆ.

2023ರಲ್ಲಿ ಬ್ಯಾಂಜೋವಾದಕ ಬೇಲಾ ಫ್ಲೆಕ್, ತಬಲಾದ ಜಾಕಿರ್ ಹುಸೇನ್, ಕೊಳಲಿನ ರಾಕೇಶ್ ಚೌರಾಸಿಯ, ಎಡ್ಗರ್ ಮೇಯರ್ ಇವರ ಧ್ವನಿಮುದ್ರಿಕೆ ‘ಆ್ಯಸ್ ವಿ ಸ್ಪೀಕ್’ ಹೊರಬಂದಿತು. ಮರುವರ್ಷ ಅದಕ್ಕೆ ಗ್ರ್ಯಾಮಿಯೂ ಬಂದಿತು. ತಬಲಾದ ಪಕ್ಕದಲ್ಲಿ ಬ್ಯಾಂಜೋ ಎಷ್ಟು ಸಲೀಸಾಗಿ ಕೂರುತ್ತದೆಂದು ಕೇಳಿದ ಮೇಲೆ ನನಗೆ ಒಂದು ಯೋಚನೆ ಹೊಳೆಯಿತು. ಆ ಡಿಸೆಂಬರ್ ತಿಂಗಳಲ್ಲಿ ತಂತಿಗಳನ್ನು ಸಡಿಲಿಸಿ ಬ್ಯಾಂಜೋವನ್ನು ಪೆಟ್ಟಿಗೆಗೆ ಹಾಕಿ ಮೈಸೂರಿಗೆ ಹೊರಟೆ.

ಅಕ್ಕ ಅದನ್ನು ನೋಡಿ ಮೊದಲು ನಕ್ಕಳು. “ಜರಡಿಗೆ ಕೋಲು ಸಿಕ್ಕಿಸಿದ ಹಾಗಿದೆಯಲ್ಲೋ!” ಎಂದಳು. ಮೂರು ದಿನ ದಿನವೂ ಸಂಜೆ ನುಡಿಸಿದೆ. ಅವಳು ಕೇಳುತ್ತ ಕುಳಿತಳು. ಅವಳ ಬಲಗೈಯ ಕಿರುಬೆರಳು ಸೀರೆಯ ಮಡಿಲಿನ ಮೇಲೆ ತಾಳಕ್ಕೆ ಸರಿಯಾಗಿ ಆಡುತ್ತಿದ್ದುದನ್ನು ಕಂಡೆ. ನಾಲ್ಕನೆಯ ದಿನ, “ಅಕ್ಕ, ಎಡಗೈ ಬೇಡ. ತಾಳದ ತಂತಿ ಮಾತ್ರ ಮೀಟುತ್ತೀಯಾ?” ಎಂದು ಕೇಳಿದೆ. ಅವಳು ಉತ್ತರ ಕೊಡಲಿಲ್ಲ. ಕಾಫಿಯ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು. ತಪ್ಪು ಮಾತನಾಡಿದೆನೇನೋ ಎಂದು ಭಾವನವರು ನನ್ನ ಮುಖ ನೋಡಿದರು. ಸ್ವಲ್ಪ ಹೊತ್ತಿನ ಮೇಲೆ ಒಳಗಿನಿಂದ ದನಿ ಬಂದಿತು: “ತಂತಿಗಳೆಲ್ಲ ತುಕ್ಕು ಹಿಡಿದಿರುತ್ತವೆ. ಪೇಟೆಯಿಂದ ಹೊಸದು ತಂದುಕೊಡು.”

ಎರಡೂವರೆ ವರ್ಷದ ಗವಸನ್ನು ತೆಗೆದು, ಧೂಳು ಒರೆಸಿ, ಹೊಸ ತಂತಿ ಕಟ್ಟಿದೆವು. ಬಿರಡೆ ತಿರುಗಿಸಲು ಅವಳಿಗೆ ಶಕ್ತಿಯಿರಲಿಲ್ಲ. ಅವಳು ಹೇಳಿದಂತೆ ನಾನು ತಿರುಗಿಸಿದೆ. ಆಗ ಒಂದು ತೊಡಕು ಬಂದಿತು. ನನ್ನ ಬ್ಯಾಂಜೋವಿನ ಶ್ರುತಿ ಐದನೆಯ ಮನೆ. ಅವಳ ವೀಣೆಯದು ನಾಲ್ಕನೆಯದು. ವೀಣೆಯನ್ನು ಏರಿಸಿದರೆ ತಂತಿ ತಡೆಯದು. “ಚಿಕ್ಕವನು ನೀನು, ನೀನೇ ಇಳಿ” ಎಂದಳು. ಐದೂ ತಂತಿಗಳನ್ನು ಇಳಿಸಿದೆ; ಬ್ಯಾಂಜೋ ಏನೂ ಬೇಸರಪಟ್ಟುಕೊಳ್ಳಲಿಲ್ಲ, ದನಿ ಸ್ವಲ್ಪ ಗಂಭೀರವಾಯಿತು. ಅವಳು ಎಡಗೈಯನ್ನು ಮಡಿಲಲ್ಲಿಟ್ಟುಕೊಂಡು, ಬಲಗೈಯಿಂದ ತಾಳದ ತಂತಿಗಳನ್ನೂ ನಡುನಡುವೆ ಬಿಡಿ ತಂತಿಗಳನ್ನೂ ಮೀಟಿದಳು. ನಾನು ಮೋಹನದ ಆ ವರಸೆಯನ್ನು ನುಡಿಸಿದೆ. ಗಮಕವಿಲ್ಲ, ಕೀರ್ತನೆಯಿಲ್ಲ, ಒಂದು ಹಾಡು, ಹತ್ತು ನಿಮಿಷ. ಮುಗಿದ ಮೇಲೆ ಭಾವನವರು ಕನ್ನಡಕ ಒರೆಸಿಕೊಂಡರು. ಅಕ್ಕ, “ಪಂಚಮ ಇನ್ನೂ ಇಳಿದಿದೆ” ಎಂದಳು.

ಅವಳ ಬೆರಳುಗಳು ವಾಸಿಯಾಗಲಿಲ್ಲ; ಆಗುವುದೂ ಇಲ್ಲವೆಂದು ವೈದ್ಯರು ಹೇಳಿದ್ದಾರೆ. ಆದರೆ ಗವಸನ್ನು ಒಗೆದು, ಮಡಿಸಿ, ಬೀರುವಿನಲ್ಲಿಟ್ಟಿದ್ದಾಳೆ. ಸಂಜೆ ದೀಪ ಹಚ್ಚಿದ ಮೇಲೆ ಬಿಡಿ ತಂತಿಗಳನ್ನು ಮೀಟಿಕೊಂಡು ತಾನೇ ಹಾಡಿಕೊಳ್ಳುತ್ತಾಳೆ. 2024ರಿಂದ ಪಕ್ಕದ ಮನೆಯ ಹುಡುಗಿಯೊಬ್ಬಳು ಪಾಠಕ್ಕೆ ಬರುತ್ತಿದ್ದಾಳೆ. ವೀಣೆ ಹುಡುಗಿಯ ತೊಡೆಯ ಮೇಲೆ, ಪಾಠ ಅಕ್ಕನ ಬಾಯಲ್ಲಿ. ಹುಡುಗಿಯ ತಮ್ಮನೂ ಜೊತೆಗೆ ಬರುತ್ತಾನಂತೆ. ಅವನನ್ನು ಪಕ್ಕದ ಕೋಣೆಗೆ ಕಳುಹಿಸಬೇಡವೆಂದು ಹೇಳಿದ್ದೇನೆ. “ಅವನ ಶ್ರುತಿ ನಿನ್ನದಕ್ಕಿಂತ ವಾಸಿ” ಎಂದಳು.

ವಾಚಕರಲ್ಲಿ ಐವತ್ತು ದಾಟಿದವರು ಅನೇಕರಿರಬಹುದು. ಅವರಲ್ಲಿ ಕೆಲವರ ಮನೆಯ ಅಟ್ಟದ ಮೇಲೆ ಹಾರ್ಮೋನಿಯಮ್ಮೋ, ಕೊಳಲೋ, ತಾತನ ಬುಲ್‌ಬುಲ್ ತರಂಗವೋ ಇರಬಹುದು. ಅವರಿಗೆ ನನ್ನ ಅನುಭವದಿಂದ ಹೇಳಬಹುದಾದದ್ದು ಇಷ್ಟು. ಭಾನುವಾರದ ಎರಡು ಗಂಟೆಗಿಂತ ದಿನದ ಇಪ್ಪತ್ತು ನಿಮಿಷ ಮೇಲು. ಮನೆಯವರ ಸಹನೆಗಾಗಿ ಒಂದು ಹಳೆಯ ಪಂಚೆಯನ್ನು ಸಿದ್ಧವಾಗಿಟ್ಟುಕೊಳ್ಳಿ. ವಿದ್ವಾಂಸರಾಗುವ ಆಸೆಯನ್ನು ಬಿಟ್ಟುಬಿಡಿ, ಆ ಹಾದಿ ನಮಗೆ ನಿಜವಾಗಿಯೂ ಮುಚ್ಚಿದೆ. ಆದರೆ ಹೊರಸುತ್ತಿನಲ್ಲಿ ಯಾವಾಗಲೂ ಒಂದು ಕುರ್ಚಿ ಖಾಲಿಯಿರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಶ್ರುತಿ ಇಳಿದಾಗ ಮುಲಾಜಿಲ್ಲದೆ ಇಳಿದಿದೆ ಎನ್ನುವವರೊಬ್ಬರನ್ನು ಹುಡುಕಿಕೊಳ್ಳಿ. ನನಗೆ ಆ ಭಾಗ್ಯ ಹುಟ್ಟಿನಿಂದಲೇ ಬಂದಿದೆ.

ಇಂದು ಭಾನುವಾರ. ಅಕ್ಕನ ಕರೆ ಬರುವ ಹೊತ್ತಾಯಿತು. ಅದಕ್ಕೆ ಮೊದಲು ಪಂಚಮವನ್ನು ಸರಿಮಾಡಿಕೊಳ್ಳಬೇಕು.